ಸರ್ವಾನುಮತವೂ ಒಂದು ಕೆಮ್ಮೂ

ಕಳೆದ ವಾರ ಒಂದು ಮೀಟಿಂಗಿನಲ್ಲಿ ಒಬ್ಬ ಹೆಂಗಸು ಕೆಮ್ಮಿದಳು. ಕೂತಿದ್ದವರೆಲ್ಲ ಗಾಬರಿಯಾದರು.

ನಗಬೇಡಿ, ಪೂರ್ತಿ ಕೇಳಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದು, ಬಸ್ಸು ಬದಲಾಯಿಸಿ, ಬೇಗೂರಿನಲ್ಲಿಳಿದು ನಡೆದರೆ ನನ್ನ ಅಕ್ಕನ ಊರು. (ಹೆಸರು ಹೇಳುವುದಿಲ್ಲ. ಅಕ್ಕ ಅಲ್ಲೇ ಬಾಳಬೇಕು.) ನಾನು ಹೋದ ದಿನವೇ ಅಲ್ಲಿ ಪಂಚಾಯಿತಿ ಮೀಟಿಂಗು. ಭಾವನ ಜೊತೆ ನಾನೂ ಹೋದೆ.

ವಿಷಯ ಒಂದೇ. ಚೇರ್ಮನ್ನರ ಹಿತ್ತಲಿನ ಪಕ್ಕದ ಓಣಿಯನ್ನು ಮುಚ್ಚುವುದು. ಮುಚ್ಚಿದರೆ ಆ ಜಾಗ ಯಾರ ಹಿತ್ತಲಿಗೆ ಸೇರುತ್ತದೆ ಎಂದು ನಾನು ಬೇರೆ ಹೇಳಬೇಕೇ? ಓಣಿಯ ಕೊನೆಗೆ ಮಾದಮ್ಮ ಎಂಬ ವಿಧವೆಯ ಮನೆ. ಅವಳ ಎಮ್ಮೆ ಕೆರೆಗೆ ಹೋಗುವುದಕ್ಕೂ ಅದೇ ದಾರಿ, ನಾಳೆ ಅವಳ ಹೆಣ ಹೊರಡುವುದಕ್ಕೂ ಅದೇ ದಾರಿ.

"ಯಾರ್ದಾದ್ರೂ ತಕರಾರು ಇದ್ರೆ ಯೋಳ್ಬುಡಿ," ಅಂದರು ಚೇರ್ಮನ್ನರು.

ಕೇಳಲೇಬೇಕೆಂದು ರೂಲಿದೆ, ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಅರ್ಧ ಊರು ಉಳುವುದು ಅವರ ಹೊಲವನ್ನೇ.

ಆಗ ಬಾಗಿಲ ಹತ್ತಿರ ನಿಂತಿದ್ದ ಮಾದಮ್ಮ ಕೆಮ್ಮಿದಳು. ಎಲ್ಲರೂ ಗಾಬರಿಯಿಂದ ಅತ್ತ ತಿರುಗಿದರು.

"ಏನಮ್ಮ, ತಕರಾರಾ?"

"ಇಲ್ಲ ಬುದ್ಧಿ. ಕೆಮ್ಮು."

ಎಲ್ಲರೂ ನಕ್ಕರು. ಸರ್ವಾನುಮತ ಎಂದು ಬರೆದುಕೊಂಡರು.

ಸಂಜೆಗಾಗಲೇ ಓಣಿಗೆ ಮುಳ್ಳುಬೇಲಿ ಬಿದ್ದಿತ್ತು. (ಮುಳ್ಳು ಮೊದಲೇ ಕಡಿದಿಟ್ಟಿದ್ದರೇ?) ಬೇಲಿಯಾಚೆ ಎಮ್ಮೆ ಹಿಡಿದು ಮಾದಮ್ಮ ನಿಂತಿದ್ದಳು. ಇನ್ನು ಕಂಡವರ ಹೊಲ ತುಳಿದು, ಬೈಸಿಕೊಂಡೇ ಓಡಾಡಬೇಕು. ಕೆಮ್ಮಿಗೆ ಔಷಧಿ ತಗೊಂಡೆಯಾ ಎಂದು ಕೇಳಿದೆ.

"ನಂಗ್ಯಾವ ಕೆಮ್ಮು ಬುದ್ಧಿ? ಬ್ಯಾಡ ಅನ್ನಕೇ ಬಾಯಿ ತಗ್ದೆ. ಎಲ್ಲಾರೂ ನನ್ನೇ ನೋಡುದ್ರು. ಕೆಮ್ಬುಟ್ಟೆ."

ಸೀದಾ ಅಕ್ಕನ ಮನೆಗೆ ಬಂದೆ. ಭಾವನಿಗೆ ಹೇಳಿದರೆ, "ಎಲ್ಲಾ ರೂಲ್ ಪ್ರಕಾರ್ವೇ ನಡ್ದದೆ ಕಣಯ್ಯ. ಅವರು ಕೇಳ್ನಿಲ್ವಾ?" ಅಂದ. ಕೇಳಿದರು, ನಿಜ. ಮಹಾರಾಜರ ಕಾಲ ಹೋಗಿ ವೋಟಿನ ಕಾಲ ಬಂತು. ಈಗ ಓಣಿ ಕಸಿಯುವ ಮೊದಲು ಮರ್ಯಾದೆಯಾಗಿ ಕೇಳುತ್ತಾರೆ.

ಆವತ್ತಿಂದ ಸರ್ವಾನುಮತ ಎಂಬ ಮಾತು ಕಂಡರೇ ನನಗೆ ಗುಮಾನಿ. ಮೊನ್ನೆ ಪೇಪರಿನಲ್ಲಿ ಓದಿದೆ. ದೂರದ ಯಾವುದೋ ದೇಶ. ತಮ್ಮ ಮೇಲೆ ಇನ್ನು ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದು ಅಲ್ಲಿನ ನಾಯಕರು ಕಾನೂನು ತಂದರಂತೆ. ಸಭೆಗೆ ಸಭೆಯೇ ಕೈ ಎತ್ತಿತಂತೆ. ಬೇಡವೆಂದವರು ಯಾರೂ ಇಲ್ಲವಂತೆ. ಡೆಮಾಕ್ರಸಿ ಅಂದರೆ ಇದು ಎಂಬ ಹೇಳಿಕೆ ಬೇರೆ.

ಇರಬಹುದು. ಆದರೆ ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರಿಗೂ ಕೆಮ್ಮು ಬರಲಿಲ್ಲವೇ?