ಸಿದ್ರಾಮ ಮಗಳನ್ನು ಎತ್ತಿಕೊಳ್ಳಲಿಲ್ಲ

ಗೆಳೆಯರೇ, ಇವತ್ತು ಮುಂಬೈಯ ಪರೇಲ್‌ನ ಹೆರಿಗೆ ಆಸ್ಪತ್ರೆಯಲ್ಲಿ ಮಂಗಳೂರಿನ ನರ್ಸೊಬ್ಬರು ನಮ್ಮ ಸಿದ್ರಾಮನ ಮೇಲೆ ರೇಗಿದರು. ವಿಜಾಪುರದ ಸಿದ್ರಾಮ ಆರು ವರ್ಷಗಳಿಂದ ಭಾಂಡುಪ್‌ನ ಕ್ವಾರಿಯಲ್ಲಿ ಬಂಡೆ ಕೊರೆಯುವ ಡ್ರಿಲ್ ಹಿಡಿಯುತ್ತಾನೆ. ನಾನು ಅಲ್ಲಿಯ ಗುಮಾಸ್ತ, ಅವನಿರುವ ಚಾಳಿನಲ್ಲೇ ಒಂದು ಖೋಲಿಯಲ್ಲಿ ವಾಸ. ನರ್ಸ್ ಹಸುಗೂಸನ್ನು ಕೊಡಲು ಬಂದರೆ ಅವನು ಕೈ ಹಿಂದೆಳೆದುಕೊಂಡ.

“ಹೆಣ್ಣು ಅಂತ ಬೇಡವಾ ನಿಮಗೆ?” ಎಂದರು.

“ಹಂಗಲ್ರೀ ಅಕ್ಕಾರ. ಮಷಿನ್ ನಡುಗಿ ನಡುಗಿ ಬೆರಳು ಸತ್ತಾವು. ಕೂಸು ಜಾರಿದ್ರ ನನಗ ಗೊತ್ತಾಗಂಗಿಲ್ಲ.”

ನರ್ಸ್ ಕೂಸನ್ನು ನನ್ನ ಕಡೆ ಚಾಚಿದರು. ನಾನು ಎತ್ತಿಕೊಂಡೆ. ಸಿದ್ರಾಮ ಬಗ್ಗಿ ಅದರ ಹಣೆಗೆ ಕೆನ್ನೆ ತಾಗಿಸಿ ಅತ್ತ.

ಬೆರಳು ಜೋಮು ಹಿಡಿಯುತ್ತವೆ ಎಂದು ಅವನು ಹೋದ ವರ್ಷ ಬೇರೆ ಕೆಲಸ ಕೇಳಿದಾಗ, “ಥಂಡಿಗೆ ಹಂಗಾಗ್ತದ, ಎಣ್ಣಿ ಹಚ್ಚು” ಎಂದು ಕಳಿಸಿದವನು ನಾನೇ. ನನ್ನ ಬೆರಳುಗಳಿಗೆ ಏನೂ ಆಗಿಲ್ಲ. ನಾನು ಹಿಡಿಯುವುದು ಪೆನ್ನು.