ಬಸ್ಸಿನ ಚಾವಿ ಕಿತ್ತುಕೊಂಡ ನಡೀನ್

ಅಮೆರಿಕದ ಫ್ಲಿಂಟ್ ಊರಿನಾಚೆಯ ಶೆಡ್ಡಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಎಪ್ಪತ್ತೇಳರ ನಡೀನ್ ಸ್ಟ್ರೌಡ್ ಬಸ್ಸಿನ ಗಾಜಿಗೆ ಕಚ್ಚಿಕೊಂಡ ಹಿಮ ಕೆರೆಯುತ್ತಿದ್ದಾರೆ. ಹತ್ತಿ ಚಾವಿ ತಿರುಗಿಸಿದರೆ ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಗುತ್ತದೆ.

ಕಳೆದ ಚಳಿಗಾಲದಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲೈಸೆನ್ಸ್ ಹೋಯಿತೆಂದೇ ಎದೆಗುಂದಿದ್ದರು. ಶಸ್ತ್ರಚಿಕಿತ್ಸೆ ಆಯಿತು, ಈ ವಾರ ಪರೀಕ್ಷೆಯೂ ಪಾಸಾಯಿತು. "ಲೈಸೆನ್ಸ್ ಆಫೀಸಿನಿಂದ ಆಚೆ ಬಂದು ಮೆಟ್ಟಿಲ ಮೇಲೆ ಕೂತ್ಬಿಟ್ಟೆ. ಆಮೇಲೆ ಎದ್ದು ನೇರ ಈ ಶೆಡ್ಡಿಗೇ ಬಂದೆ" ಎಂದು ನಗುತ್ತಾರೆ.

ಕಾರು ಕಾರ್ಖಾನೆಯ ಪಾಳಿ ಮುಗಿಸಿದ ಹುಡುಗರು 1968ರಲ್ಲಿ ಕಟ್ಟಿದ ರಾಕ್ ತಂಡ 'ಐರನ್ ಆರ್ಚರ್ಡ್'. ಹಾಡುವವನು ಕರ್ಟಿಸ್ ಹ್ಯಾನ್ಲನ್, ಗಿಟಾರಿಗೆ ಅವನ ಅಣ್ಣ ಡೇಲ್. ಶಾಲೆಯ ಬಸ್ ಓಡಿಸುತ್ತಿದ್ದ ನಡೀನ್ ಒಂದೇ ವಾರದ ಮಟ್ಟಿಗೆಂದು ತಂಡದ ಬಸ್ಸಿನ ಸ್ಟೀರಿಂಗ್ ಹಿಡಿದವರು, ಇಂದಿಗೂ ಬಿಟ್ಟಿಲ್ಲ. ರೇಡಿಯೊದಲ್ಲಿ ಹಾಡು ಗೆದ್ದದ್ದು, ಮೈದಾನಗಳು ತುಂಬಿದ್ದು, ಡಿಸ್ಕೊ ಗಾಳಿ ಬೀಸಿದ ಮೇಲೆ ಬಾರುಗಳ ಮೂಲೆಗೆ ಸರಿದದ್ದು, ಎಲ್ಲಕ್ಕೂ ಅವರೇ ಸಾಕ್ಷಿ.

1973ರ ಚಳಿಗಾಲ. ನೆಬ್ರಾಸ್ಕಾದ ಪೆಟ್ರೋಲ್ ಬಂಕೊಂದರಲ್ಲಿ ಅಣ್ಣತಮ್ಮಂದಿರಿಗೆ ಜಗಳ ಹತ್ತಿತು. ಕರ್ಟಿಸ್ ಕೋಟೂ ಇಲ್ಲದೆ ಇಳಿದು ಹಿಮಗಾಳಿಯಲ್ಲಿ ನಡೆದುಬಿಟ್ಟ. "ಸಾಯ್ಲಿ ಬಿಡು, ಶೋಗೆ ಹೊತ್ತಾಯ್ತು, ಗಾಡಿ ತೆಗಿ" ಎಂದ ತಂಡದ ಮ್ಯಾನೇಜರ್. ನಡೀನ್ ಎಂಜಿನ್ ಆರಿಸಿ ಚಾವಿಯನ್ನು ಜೇಬಿಗೆ ಹಾಕಿಕೊಂಡರು.

"ಹೊರಟಾಗ ಎಷ್ಟು ತಲೆ ಇತ್ತೋ ಅಷ್ಟೂ ಇದ್ರೇನೆ ಗಾಡಿ ತೆಗೆಯೋದು ಅಂದೆ."

ಟಾರ್ಚ್ ಹಿಡಿದು ಹುಡುಕಹೊರಟರು. ಬೇಲಿಯಾಚೆ ಹಳ್ಳದಲ್ಲಿ ಮುದುಡಿ ಬಿದ್ದಿದ್ದ ಕರ್ಟಿಸ್ ಸಿಕ್ಕ. ಹಿಂದೆಯೇ ಓಡಿಬಂದ ಡೇಲ್ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿ, ಬಸ್ಸಿನವರೆಗೂ ಹೊತ್ತು ತಂದ. ಮ್ಯಾನೇಜರ್ ಅಲ್ಲೇ ನಡೀನ್‌ರನ್ನು ಕೆಲಸದಿಂದ ತೆಗೆದ. "ಅವಳಿಲ್ಲ ಅಂದ್ರೆ ನಾವೂ ಇಲ್ಲ" ಎಂದ ಡೇಲ್. ಅಭಿಮಾನಿಗಳು ಬರೆದಿಟ್ಟ ತಂಡದ ಚರಿತ್ರೆಯಲ್ಲಿ ಆ ದಿನಕ್ಕಿರುವುದು ಒಂದೇ ಸಾಲು: 'ಹವಾಮಾನದ ಕಾರಣ ಕಾರ್ಯಕ್ರಮ ರದ್ದು.'

"ಹಿಮ ಬಿದ್ದಿದ್ದಂತೂ ನಿಜ ತಾನೆ" ಎನ್ನುತ್ತಾರೆ ನಡೀನ್.

ಬೆಳಗ್ಗೆ ಏಳರ ಹೊತ್ತಿಗೆ ಕಾಫಿ ಹಿಡಿದು ಬಂದ ಕರ್ಟಿಸ್ ಈಗ ಬೋಳುತಲೆಯ ಮುದುಕ. "ಏನಮ್ಮಾ, ರಸ್ತೆ ಕಾಣ್ಸುತ್ತಾ?"

"ರಸ್ತೆ ಬಿಡು, ನಿನ್ನ ಮುಖದ ಸುಕ್ಕೂ ಕಾಣ್ಸುತ್ತೆ. ಪೊರೆ ಇದ್ದಾಗ್ಲೇ ಚೆನ್ನಾಗಿದ್ದೆ ನೀನು."

ಅವನು ನಗುತ್ತಾ ಹತ್ತುತ್ತಾನೆ. ಆಗಲೇ ಬಂದು ಹಿಂದಿನ ಸೀಟಿನಲ್ಲಿ ಕೂತಿರುವ ಡೇಲ್‌ನ ನಗುವೂ ಕೇಳಿಸುತ್ತದೆ.

ಆಸೆ ಏನಾದರೂ ಉಳಿದಿದೆಯೇ ಎಂದರೆ ಹೌದೆನ್ನುತ್ತಾರೆ ನಡೀನ್. ಇಷ್ಟು ವರ್ಷದಲ್ಲಿ ಒಂದೂ ಶೋ ಪೂರ್ತಿ ನೋಡಿಲ್ಲ. ತಂಡ ಹಾಡುವಾಗೆಲ್ಲ ನಡೀನ್ ಹೊರಗೆ ಬಸ್ಸು ಕಾಯುತ್ತಿದ್ದರು.

"ಈ ಸಲ ಡೆಟ್ರಾಯಿಟಲ್ಲಿ ಮುಂದಿನ ಸಾಲಲ್ಲೇ ಕೂರಿಸ್ತಾರಂತೆ. ಕೂತ್ಕೋತೀನಿ. ಆದ್ರೆ ಕೊನೇ ಹಾಡಿಗೆ ಎದ್ದು ಬಂದ್ಬಿಡ್ತೀನಿ. ಬೆವರಿದ ಮೈಯಲ್ಲಿ ಬರ್ತಾರೆ ಪಾಪ, ಗಾಡಿ ಬೆಚ್ಚಗಿರ್ಬೇಕಲ್ಲ."