ಗಂಗವ್ವ ಚಿಗವ್ವ ಮತ್ತು ನೀಲಿ ಅಂಚಿನ ತಾಟು

ಗಂಗವ್ವ ಚಿಗವ್ವ ಖಾಲಿ ಡಬ್ಬಿ ಹಿಡಿದುಕೊಂಡು ನಡೆದದ್ದನ್ನು ರೋಣದಲ್ಲಿ ಯಾರೂ ನೋಡಿಲ್ಲ. ಬೇರೆಯವರ ಮನೆಯಿಂದ ಪಲ್ಯ ಬಂದ ಬಟ್ಟಲಾಗಲಿ, ಮಜ್ಜಿಗೆ ಬಂದ ಚರಿಗೆಯಾಗಲಿ, ತೊಳೆದು ಒರೆಸಿ ಒಳಗೆ ಏನಾದರೂ ಇಟ್ಟೇ ತಿರುಗಿ ಕೊಡುತ್ತಿದ್ದಳು. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ. ಸಕ್ಕರೆಯೂ ತೀರಿದ್ದರೆ ಹಿತ್ತಲ ಗಿಡದ ಒಂದು ಹಸಿಮೆಣಸಿನಕಾಯಿ. ಖಾಲಿ ಪಾತ್ರೆ ತಿರುಗಿಸಬಾರದೆಂಬ ರೂಢಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಅವಸರವಿದ್ದಾಗ ಉಳಿದವರು ಅದನ್ನು ಮರೆತುಬಿಡುತ್ತಾರೆ. ಚಿಗವ್ವ ಒಮ್ಮೆಯೂ ಮರೆಯಲಿಲ್ಲ. ಅವಳು ಮರೆಯಲಿಲ್ಲವೆಂದೇ ನಾನು ಗ್ರೀಸಿಗೆ ಹೋಗಿಯೂ, ಯಾವುದನ್ನು ನೋಡಲು ಅಷ್ಟು ದೂರ ಹೋಗಿದ್ದೆನೋ ಅದನ್ನು ನೋಡದೆ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅವಳು ತೀರಿಕೊಂಡ ಮೇಲೂ ಇಳಿದಿಲ್ಲ.

ಚಿಗವ್ವ ನನ್ನ ಅವ್ವನ ತಂಗಿ. ಗಂಡ ತೀರಿದ ಮೇಲೆ ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ಹಾಕಿದಳು. ದೊಡ್ಡ ಮೈ, ಸಣ್ಣ ಧ್ವನಿ, ಹಣೆ ತುಂಬ ವಿಭೂತಿ. ರೊಟ್ಟಿ ಬಡಿಯುವಾಗ ಮಾತ್ರ ಅವಳ ಎರಡೂ ಕೈ ಯಾರದೋ ಮೇಲೆ ಮುನಿಸಿಕೊಂಡಂತೆ ಕಾಣುತ್ತಿದ್ದವು. ನಮ್ಮೂರು ಮುಶಿಗೇರಿ. ಅಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಅವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಹತ್ತಿದ್ದು ಚಿಗವ್ವನ ಮನೆಯಲ್ಲಿದ್ದುಕೊಂಡು.

ಅವಳ ಪಕ್ಕದ ಮನೆ ಹಜರತಬಿಯದು. ಬಳೆ ಅಂಗಡಿಯವರು. ಒಂದು ವರ್ಷ ಗಟಾರದ ನೀರು ಯಾರ ಬಾಗಿಲ ಮುಂದೆ ಹರಿಯಬೇಕು ಎಂಬುದರ ಮೇಲೆ ಇಬ್ಬರಿಗೂ ಜಗಳವಾಗಿ ಮಾತು ನಿಂತಿತು. ಮಾತು ನಿಂತರೂ ಡಬ್ಬಿ ನಿಲ್ಲಲಿಲ್ಲ. ಜಗಳಕ್ಕೆ ಮೊದಲೇ ಹಜರತಬಿಯ ಡಬ್ಬಿಯೊಂದು ನಮ್ಮಲ್ಲಿ ಉಳಿದಿತ್ತು. ಅದನ್ನು ಖಾಲಿ ಕೊಡುವಂತಿಲ್ಲ. ಚಿಗವ್ವ ಬದನೆಕಾಯಿ ಎಣ್ಣಿಗಾಯಿ ತುಂಬಿ ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಶಾವಿಗೆಯ ಸುರಕುಂಬಾ ಬಂತು. ನಡುವೆ ಓಡಾಡುವವಳು ನಾನು.

"ಆಕಿಗೆ ಹೇಳು, ಸಕ್ರಿ ಜಾಸ್ತಿ ಆಗೇತಿ ಅಂತ," ಎನ್ನುತ್ತಿದ್ದಳು ಚಿಗವ್ವ, ಬಟ್ಟಲು ನೆಕ್ಕುತ್ತ.

"ಆಕಿಗೆ ನೀನೂ ಹೇಳವಾ, ಎಣ್ಣಿಗಾಯಾಗ ಉಪ್ಪ ಹಾಕೂದ ಮರತಾಳ ಅಂತ," ಎಂದು ಹಜರತಬಿ ಅತ್ತ ಕಡೆಯಿಂದ.

ಹೀಗೆ ಒಂದು ವರ್ಷ ಇಬ್ಬರೂ ಒಬ್ಬರ ಅಡುಗೆಯನ್ನು ಇನ್ನೊಬ್ಬರು ಬೈಯುತ್ತಲೇ ಉಂಡರು. ಗಟಾರವನ್ನು ಪಂಚಾಯಿತಿಯವರು ಬಂದು ಸರಿ ಮಾಡಿದರು.

ಬಿ.ಎ. ಓದಲು ಗಜೇಂದ್ರಗಡಕ್ಕೆ ಹೋದೆ. ಹಾಸ್ಟೆಲಿನ ಸಾರು ನೀರಿನಂತಿರುತ್ತದೆಂದು ಚಿಗವ್ವ ಬೆಳಗಿನ ಬಸ್ಸಿಗೆ ಬುತ್ತಿ ಕಳಿಸುತ್ತಿದ್ದಳು. ಕಂಡಕ್ಟರ್ ಅವಳ ಖಾನಾವಳಿಯ ಗಿರಾಕಿ. ಮೊದಲ ದಿನ ನಾನು ಡಬ್ಬಿ ತೊಳೆದು ಖಾಲಿಯೇ ತಿರುಗಿ ಕಳಿಸಿದೆ. ಮರುದಿನ ಕಂಡಕ್ಟರ್ ಬಸ್ಸಿನ ಬಾಗಿಲಲ್ಲೇ ನಿಂತು ಎಲ್ಲರೆದುರು ಕೂಗಿದ.

"ಯವ್ವಾ, ನಿಮ್ಮ ಚಿಗವ್ವ ಹೇಳ್ಯಾಳು, ಕಾಲೇಜ್ ಕಟ್ಟಿ ಹತ್ತಿದ ಕೂಡ್ಲೆ ರೀತಿ ರಿವಾಜ ಮರತೀಯೇನು ಅಂತ!"

ಡಬ್ಬಿಯಲ್ಲಿ ಹಾಕಲು ನನ್ನಲ್ಲೇನಿತ್ತು? ಒಮ್ಮೆ ಗುಡ್ಡದ ಬಾರಿಹಣ್ಣು, ಒಮ್ಮೆ ಹಾಸ್ಟೆಲಿನಲ್ಲಿ ಕೊಟ್ಟ ಬಾಳೆಹಣ್ಣು. ಏನೂ ಸಿಗದೆ ಡಬ್ಬಿ ಹಿಡಿದು ಅಳು ಬಂದ ದಿನಗಳೂ ಇವೆ. ಡಿಗ್ರಿ ಫಲಿತಾಂಶ ಬಂದ ದಿನ ಅಂಕಪಟ್ಟಿಯ ನಕಲನ್ನೇ ಮಡಚಿ ಇಟ್ಟು ಕಳಿಸಿದೆ. ಚಿಗವ್ವನಿಗೆ ಓದಲು ಬಾರದು. ಅದನ್ನು ಖಾನಾವಳಿಗೆ ಬಂದವರಿಗೆಲ್ಲ ತೋರಿಸಿ, "ಓದ್ರಿ, ಜೋರಾಗಿ ಓದ್ರಿ, ಆಮ್ಯಾಲ ಸಾರು ಹಾಕತೀನಿ" ಎಂದಳಂತೆ. ಕಾಗದಕ್ಕೆ ಎಣ್ಣೆ ಹತ್ತಿ ಅಕ್ಷರ ಕಾಣದಂತಾದ ಮೇಲೆ ದೇವರ ಜಗುಲಿಯ ಮೇಲೆ ಇಟ್ಟಳು.

ಈಗ ನಾನು ನರಗುಂದದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ನನಗೆ ಗ್ರೀಸಿನ ಹುಚ್ಚು ಹಿಡಿದದ್ದು ರೋಣದ ಗ್ರಂಥಾಲಯದ ಹರಿದ ಪುಸ್ತಕವೊಂದರಲ್ಲಿದ್ದ ಚಿತ್ರದಿಂದ. ಮೈಸೀನಿ ಎಂಬ ಹಳೆಯ ಕೋಟೆಯ ಹೆಬ್ಬಾಗಿಲು. ಅದರ ಮೇಲೆ ಎದುರುಬದುರು ನಿಂತ ಎರಡು ಕಲ್ಲಿನ ಸಿಂಹಗಳು. ತಲೆಗಳು ಯಾವಾಗಲೋ ಬಿದ್ದುಹೋಗಿವೆ. ಪ್ರತಿ ವರ್ಷ ನಾನು ಅದನ್ನು ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಬರೆಯುತ್ತೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನೀವು ಹೋಗಿ ನೋಡೀರೇನ್ರಿ?" ಎಂದಳು. ಇಲ್ಲ ಎಂದೆ. "ಮತ್ತ ಸಿಂಹ ಅಂತ ಹ್ಯಾಂಗ ಗೊತ್ತಾತ್ರಿ? ಬೆಕ್ಕಿನಂಗ ಕಾಣತಾವಲ್ರಿ," ಎಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಟ್ರ್ಯಾಕ್ಟರ್ ಓಡಿಸುವವನ ಮಗಳು ಇಷ್ಟು ದೂರ ಬಂದ ಮೇಲೆ ಇನ್ನಷ್ಟು ದೂರ ಹೋಗಲಾರಳೇ? ಹೋಗಿ ಆ ಬಾಗಿಲ ಕೆಳಗೆ ನಿಂತು, ಬಂದು ಆ ತರಗತಿಗೆ ಹೇಳಬೇಕೆಂದು ಅಂದೇ ನಿರ್ಧರಿಸಿದೆ. ಎರಡು ವರ್ಷ ಸೀರೆ ಕೊಳ್ಳಲಿಲ್ಲ.

ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗುವುದು ಬೇಡವೆಂದು ಮನೆಯಲ್ಲಿ ಎಲ್ಲರೂ ಹಟ ಹಿಡಿದರು. ನನ್ನನ್ನು ಬಿಟ್ಟರೆ ಪಾಸ್‌ಪೋರ್ಟ್ ಇದ್ದವಳು ಚಿಗವ್ವ ಒಬ್ಬಳೇ. ಮಸ್ಕತ್ತಿನಲ್ಲಿರುವ ಮಗಳ ಬಾಣಂತನಕ್ಕೆಂದು ಮಾಡಿಸಿದ್ದು. ಹೀಗಾಗಿ ಅವಳನ್ನು ಕರೆದುಕೊಂಡು ಹೋದೆ. ಅವಳ ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ತುಪ್ಪದ ಬಾಟಲಿ, ರೊಟ್ಟಿಯ ಸಣ್ಣ ಹಂಚು. ಜೊತೆಗೆ ಗೋದಿ, ಬೆಲ್ಲ, ಒಣಕೊಬ್ಬರಿ ಕುಟ್ಟಿದ ಮಾದ್ಲಿ.

ಅಥೆನ್ಸಿನ ಗುಡ್ಡದ ಮೇಲಿನ ದೇವಾಲಯವನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಅವಳಿಗೆ ಹೊರಟಿತು.

"ಭಾಳ ಚಲೋ ಐತಿ ಬಿಡು. ನೈವೇದ್ಯದ ಅಡಗಿ ಎಲ್ಲಿ ಮಾಡತಿದ್ರಂತ?"

"ನನಗೇನ್ ಗೊತ್ತು ಚಿಗವ್ವಾ?"

"ಮತ್ತ ಅಷ್ಟು ವರ್ಷ ಏನ್ ಓದಿದಿ?"

ಡೆಲ್ಫಿಯ ಹಳೆಯ ಗುಡಿಯ ಮೆಟ್ಟಿಲನ್ನು ಅವಳು ಹತ್ತಲೇ ಇಲ್ಲ. ಕೆಳಗೆ ಜೇನು ಮಾರುವ ಹೆಂಗಸಿನ ಪಕ್ಕ ಕುಳಿತು, ಭಾಷೆಯೇ ಇಲ್ಲದೆ ಅರ್ಧ ದಿನ ಮಾತಾಡಿದಳು. ಊಟದ ವಿಷಯದಲ್ಲಿ ಮಾತ್ರ ಅವಳ ಗಮನ ಒಂದಿಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅಲ್ಲಿನ ಗಟ್ಟಿ ಮೊಸರಿಗೆ ಚಟ್ನಿಪುಡಿ ಕಲಸಿಕೊಂಡು, "ಮಸರ ಇವರಿಗೆ ಬರತೈತಿ" ಎಂದು ಒಪ್ಪಿಕೊಂಡಳು. ಆಲಿವ್ ಕಾಯಿ ಬಾಯಿಗೆ ಹಾಕಿ, "ಬೇವಿನಕಾಯಿಗೆ ಉಪ್ಪ ಹಚ್ಚ್ಯಾರ" ಎಂದು ಉಗುಳಿದಳು.

ಮೈಸೀನಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕೋಟೆಯ ಕೆಳಗೆ ಸಣ್ಣ ಊರು, ಸುತ್ತ ಕಿತ್ತಳೆ ತೋಟ. ನಾವು ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ ಎಲೆನಿಯ ಮನೆಯ ಮುಂದೆಯೇ ಬಸ್ಸು ನಿಂತಿತು. ಅವಳೂ ದೊಡ್ಡ ಮೈಯವಳೇ, ಸೀರೆಯ ಬದಲು ಕಪ್ಪು ಲಂಗ, ಅಷ್ಟೇ. ಚಿಗವ್ವ ಮೊದಲ ಗಳಿಗೆಯಿಂದಲೇ ಅವಳನ್ನು ಯಲ್ಲವ್ವ ಎಂದು ಕರೆದಳು. ರಾತ್ರಿಯೂಟಕ್ಕೆ ಯಲ್ಲವ್ವ ನೀಲಿ ಅಂಚಿನ ತಗಡಿನ ತಾಟಿನಲ್ಲಿ ಅಕ್ಕಿ ತುಂಬಿ ಬೇಯಿಸಿದ ಟೊಮ್ಯಾಟೊ, ಡೊಣ್ಣಮೆಣಸಿನಕಾಯಿ ತಂದಿಟ್ಟಳು. ಮಾಂಸವಿಲ್ಲವೆಂದು ನಾನು ಫೋನಿನಲ್ಲಿ ಅವಳ ಭಾಷೆಗೆ ಅನುವಾದಿಸಿ ಕೇಳಿ ಖಾತ್ರಿ ಮಾಡಿಕೊಂಡೆ. ಚಿಗವ್ವ ತಾಟು ಬಳಿದು ಉಂಡಳು. ನನಗೆ ಆಗಲೇ ತಿಳಿಯಬೇಕಿತ್ತು.

ಮರುದಿನ ಬೆಳಗ್ಗೆ ನಾನು ಬೂಟು ಹಾಕಿಕೊಂಡು ಸಿದ್ಧ. ಚಳಿಗಾಲ, ಕೋಟೆಯನ್ನು ಮಧ್ಯಾಹ್ನವೇ ಮುಚ್ಚುತ್ತಾರೆ. ಸಂಜೆಯ ಬಸ್ಸಿಗೆ ನಾವು ಅಥೆನ್ಸಿಗೆ, ಅಲ್ಲಿಂದ ಊರಿಗೆ. ಚಿಗವ್ವ ತಾಟು ಹಿಡಿದು ನಿಂತಿದ್ದಳು.

"ಖಾಲಿ ತಾಟ ಹ್ಯಾಂಗ ಕೊಡ್ಲಿ?"

"ಸಂಜಿಗೆ ಬಂದು ಕೊಡೂಣು."

"ಉಂಡ ತಾಟ ಸಂಜಿತನ ಇಟಗೊಳ್ಳಾಕ ನಾವೇನ್ ಕಳ್ಳರೇನು?"

ನಮ್ಮ ಕೋಣೆಯ ಮೂಲೆಯ ಒಲೆಯ ಮೇಲೆ ತುಪ್ಪ ಬಿಸಿಮಾಡಿ ಮಾದ್ಲಿಗೆ ಸುರಿದು ಕೊಟ್ಟಳು. ಒಯ್ದೆ. ಯಲ್ಲವ್ವ ಒಂದು ತುತ್ತು ತಿಂದು ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮುಗಿಯಿತು, ಹೊರಡೋಣವೆಂದು ತಿರುಗಿದರೆ ನನ್ನನ್ನು ಕುರ್ಚಿಗೆ ಒತ್ತಿ ಕೂಡಿಸಿ ಕಾಫಿ ಇಟ್ಟಳು. ತಾಟು ತೊಳೆದಳು, ಒರೆಸಿದಳು, ಕಿತ್ತಳೆಹಣ್ಣು, ಚೀಸ್ ತುಂಬಿದ ಕಡುಬು ತುಂಬಿ ತಿರುಗಿ ನನ್ನ ಕೈಗೇ ಕೊಟ್ಟಳು. ಈ ಮುದುಕಿಗೂ ಅದೇ ರೋಗ.

"ನೋಡು, ನೋಡು, ಮತ್ತ ತುಂಬ್ಯಾಳ! ಭಾಳ ಸೊಕ್ಕಿನಾಕಿ," ಎಂದಳು ಚಿಗವ್ವ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅಥೆನ್ಸಿನ ಗುಡ್ಡದ ಮೇಲೆ ಕಂಡಿರಲಿಲ್ಲ. ಕೂಡಲೇ ಹಂಚು ತೆಗೆದಳು. ರೊಟ್ಟಿ ಬಡಿಯುವ ಸದ್ದಿಗೆ ಯಲ್ಲವ್ವ ತಾನೇ ಓಡಿಬಂದು ಬಾಗಿಲಲ್ಲಿ ನಿಂತಳು. ರೊಟ್ಟಿ, ಚಟ್ನಿಪುಡಿ ಹೋದವು. ಆಲಿವ್ ಎಣ್ಣೆಯಲ್ಲಿ ಬೆಂದ ಅವರೆಕಾಳು ಬಂತು. ಚಿಗವ್ವ ಬೇವಿನಕಾಯಿಯ ಎಣ್ಣೆಯೆಂದು ಬೈಯುತ್ತಲೇ ಉಂಡು, ಮತ್ತೆ ಒಲೆಯ ಮುಂದೆ ನಿಂತಳು. ನಡುವೆ ಓಡಾಡುವವಳು ನಾನೇ. ರೋಣದ ಗಟಾರದ ಓಣಿಯಿಂದ ನಾನು ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ.

"ಚಿಗವ್ವಾ, ನಾ ಹೋಗತೀನಿ. ನೀ ಬೇಕಾದ್ರ ಇಲ್ಲೇ ಖಾನಾವಳಿ ಹಾಕು," ಎಂದು ಒಬ್ಬಳೇ ಗುಡ್ಡದ ದಾರಿ ಹಿಡಿದೆ. ಕಿತ್ತಳೆ ತೋಟ ದಾಟುವಷ್ಟರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತ ಯಲ್ಲವ್ವ ಬಂದು ತೋಳು ಹಿಡಿದಳು. ಸ್ಟೇರಿಂಗ್ ತಿರುಗಿಸಿದಂತೆ ಕೈ ಮಾಡಿ, ಉಣ್ಣುವಂತೆ ಕೈ ಮಾಡಿ, ಕೋಟೆಯ ಕಡೆ ತೋರಿಸಿದಳು. ಮಗ ಬರುತ್ತಾನೆ, ಉಂಡು ಕಾರಿನಲ್ಲಿ ಹೋಗಿ ಎಂದು ಅರ್ಥ. ನನ್ನ ತಾಯಿಯ ವಯಸ್ಸಿನವಳು ನಡುರಸ್ತೆಯಲ್ಲಿ ದಮ್ಮು ಕಟ್ಟಿಕೊಂಡು ನಿಂತಿದ್ದಾಳೆ. ಕೈ ಕೊಸರಿಕೊಂಡು ಹೋಗುವುದು ಹೇಗೆ?

ಮಗ ಯಾನಿ ಬಂದ. ನಿಧಾನವಾಗಿ ಕೈ ತೊಳೆದ, ನಿಧಾನವಾಗಿ ಉಂಡ. ನಾನು ಗಡಿಯಾರ ನೋಡುವುದನ್ನು ಕಂಡು ಇಂಗ್ಲಿಷಿನಲ್ಲಿ, ಆ ಸಿಂಹಗಳು ಸಾವಿರಾರು ವರ್ಷಗಳಿಂದ ಅಲ್ಲೇ ನಿಂತಿವೆ, ಇನ್ನರ್ಧ ಗಂಟೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ ಎಂದು ನಕ್ಕ. ಸಿಂಹಗಳು ಹೋಗಲಿಲ್ಲ. ನಾವು ತಲುಪುವಾಗ ಕಾವಲುಗಾರ ಗೇಟಿಗೆ ಬೀಗ ಹಾಕುತ್ತಿದ್ದ. ಬೇಡಿಕೊಂಡೆ. ಐದು ನಿಮಿಷ ಎಂದೆ. ಭಾರತದಿಂದ ಬಂದಿದ್ದೇನೆ ಎಂದೆ. ಯಾನಿಯೂ ತನ್ನ ಭಾಷೆಯಲ್ಲಿ ಏನೇನೋ ಹೇಳಿದ. ಕಾವಲುಗಾರ ಬಹಳ ನೊಂದುಕೊಂಡ. ನೊಂದುಕೊಂಡು ಜೇಬಿನಿಂದ ಒಂದು ಕಿತ್ತಳೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟ. ಆ ದೇಶದಲ್ಲಿ ಎಲ್ಲರೂ ನನಗೆ ತಿನ್ನಲು ಕೊಟ್ಟರು, ನೋಡಲು ಮಾತ್ರ ಯಾರೂ ಬಿಡಲಿಲ್ಲ. ತಂತಿಬೇಲಿಗೆ ಮುಖವೊತ್ತಿ ನಿಂತೆ. ಗುಡ್ಡ ಕಂಡಿತು. ಕೋಟೆಗೋಡೆಯ ಒಂದು ಮೂಲೆ ಕಂಡಿತು. ಬಾಗಿಲು ಆ ತಿರುವಿನ ಆಚೆ.

ಅಥೆನ್ಸಿನ ಬಸ್ಸಿನಲ್ಲಿ ಕುಳಿತ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಎರಡು ವರ್ಷ ಹಳೆ ಸೀರೆ ಉಟ್ಟದ್ದು, ಆ ಹುಡುಗಿಯ ಪ್ರಶ್ನೆ, ಎಲ್ಲ. ಅಕ್ಕಪಕ್ಕದವರು ತಿರುಗಿ ನೋಡಿದರು. ಚಿಗವ್ವ ಕಿಟಕಿಯ ಕಡೆ ಮುಖ ಮಾಡಿ ಪೂರ್ತಿ ಕೇಳಿದಳು.

"ತಾಟ ಖಾಲಿ ಕೊಟ್ಟಿದ್ರ ಆಕಿ ನನ್ನ ಬಗ್ಗೆ ಏನ್ ತಿಳಕೊಂತಿದ್ಲು?"

"ಆಕಿ ನಿನ್ನ ಈ ಜನ್ಮದಾಗ ಇನ್ನೊಮ್ಮೆ ನೋಡಂಗಿಲ್ಲ!"

"ನೋಡಂಗಿಲ್ಲಂದ್ರ ಹ್ಯಾಂಗರ ಇರಬಹುದೇನು?" ಎಂದವಳೇ ಚೀಲದಲ್ಲಿ ಕೈ ಹಾಕಿದಳು. "ಬೈದಿ ಮುಗೀತಿಲ್ಲೊ? ಬಿಸ್ಕೂಟ ತಿನ್ನು."

ಚೀಲದಿಂದ ಹೊರಗೆ ಬಂದದ್ದು ಅದೇ ನೀಲಿ ಅಂಚಿನ ತಾಟು. ಮೇಲೆ ಬಟ್ಟೆ ಕಟ್ಟಿ, ಒಳಗೆ ಎಳ್ಳು ಹಚ್ಚಿದ ಬಿಸ್ಕೂಟು. ಬಸ್ಸು ಹೊರಡುವಾಗ ಯಲ್ಲವ್ವ ಓಡಿಬಂದು ಬಾಗಿಲಲ್ಲಿ ತೂರಿದ್ದಳು. ಇಳಿದು ತಿರುಗಿ ಕೊಡುವಷ್ಟು ಹೊತ್ತು ಚಿಗವ್ವನಿಗೆ ಸಿಗಲಿಲ್ಲ. ಅವಳು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಆ ಹುಡುಗಿ ಕೇಳಿಯೇ ಕೇಳಿದಳು. ಬೇಲಿಯ ತನಕ ಹೋಗಿದ್ದೆ ಎಂದೆ. ಅವಳೀಗ ಓದು ಮುಗಿಸಿ ಹೋಗಿದ್ದಾಳೆ. ಪ್ರತಿ ವರ್ಷ ಹೊಸ ತರಗತಿಗೆ ಅದೇ ಸಿಂಹಗಳನ್ನು ಬರೆಯುತ್ತೇನೆ, ಅವು ಬೆಕ್ಕಿನಂತೆಯೇ ಬರುತ್ತವೆ.

ಕಳೆದ ಮಳೆಗಾಲದಲ್ಲಿ ಚಿಗವ್ವನನ್ನು ಗದಗಿನ ದವಾಖಾನೆಗೆ ಸೇರಿಸಿದರು. ನಾನು ನರಗುಂದದಿಂದ ಡಬ್ಬಿಯಲ್ಲಿ ಗಂಜಿ ಒಯ್ದೆ. ಎರಡು ಚಮಚ ಕುಡಿದಳು. ಪಕ್ಕದ ಮಂಚದ ಹೆಂಗಸಿನ ಹತ್ತಿರ ಕೇಳಿ ಒಂದು ಪೇರಲಹಣ್ಣು ಇಸಿದುಕೊಂಡು ನನ್ನ ಡಬ್ಬಿಯಲ್ಲಿ ಇಟ್ಟಳು. ಆಮೇಲೆ ಕೇಳಿದಳು.

"ಆ ಯಲ್ಲವ್ವನ ತಾಟ ಎಲ್ಲೈತಿ?"

"ನಿನ್ನ ಮನ್ಯಾಗನ ಐತಿ. ಅಡಗಿ ಮನಿ ಗೂಡಿನ್ಯಾಗ."

"ನೀ ಒಯ್ಕೊ. ನಿನಗ ಅಲ್ಲಿಗೆ ಹೋಗೂದೈತಿ."

"ಯಾಕ?"

"ಸಿಂಹ ನೋಡಾಕ."

"ಈಗ ನೆನಪಾತೇನು ಸಿಂಹ?" ಎಂದೆ. ಸಾಯುತ್ತಿರುವವಳ ಮೇಲೂ ನನಗೆ ಸಿಟ್ಟು ಬಂತು. ಅವಳು ಸದ್ದಿಲ್ಲದೆ ನಕ್ಕಳು, ಹೊಟ್ಟೆ ಮಾತ್ರ ಅಲುಗಾಡಿತು.

"ತುಪ್ಪ ಇಲ್ಲಿಂದನ ಒಯ್ಯಿ. ಅಲ್ಲಿ ಬರೇ ಎಣ್ಣಿ. ಮತ್ತ ತಾಟ ಖಾಲಿ ಕೊಟ್ಟಗಿಟ್ಟಿ!"

ಅದೇ ಕೊನೆಯ ಭೇಟಿ.

ಈಗ ತಾಟು ನರಗುಂದದಲ್ಲಿ ನನ್ನ ಪುಸ್ತಕಗಳ ಪಕ್ಕದಲ್ಲಿದೆ. ಕಂಡಾಗಲೆಲ್ಲ ಮೈ ಉರಿಯುತ್ತದೆ. ಆದರೂ ಈ ಚಳಿಗಾಲಕ್ಕೆ ರಜೆ ಕೇಳಿದ್ದೇನೆ, ಟಿಕೇಟು ತೆಗೆಸಿದ್ದೇನೆ. ಮಾದ್ಲಿ ಕುಟ್ಟಿ ಇಟ್ಟಾಗಿದೆ. ಈ ಸಲ ಮೊದಲು ಸಿಂಹ, ಆಮೇಲೆ ತಾಟು ಎಂದು ಗಟ್ಟಿಯಾಗಿ ನಿರ್ಧರಿಸಿದ್ದೇನೆ. ಆದರೆ ಬಸ್ಸು ನಿಲ್ಲುವುದು ಯಲ್ಲವ್ವನ ಮನೆಯ ಮುಂದೆಯೇ.